ಫಿಲಿಯಾಸನ ಪೆಟ್ಟಿಗೆಯಲ್ಲಿ ಇಲ್ಲದ ಸ್ವರ

ಸೂರ್ಯ ಇನ್ನೂ ಗುಡ್ಡದ ಆಚೆಯೇ ಇದ್ದಾನೆ. ಸೇಂ-ಫ್ಲೋರಿಮೋನ್ ಊರಿನ ಮೇಲಿರುವ ಮೇಪಲ್ ಆಲೆಮನೆಯ ಅಂಗಳಕ್ಕೆ ಹಳೆಯ ನೀಲಿ ಕಾರೊಂದು ಹಿಮ ತುಳಿಯುತ್ತಾ ಬಂದು ನಿಲ್ಲುತ್ತದೆ. ಇಳಿಯುವವರು ಲಿಜೆತ್ ಮೊರಾನ್ಸಿ, ವಯಸ್ಸು ಅರವತ್ತೊಂಬತ್ತು. ಪಕ್ಕದ ಸೀಟಿನಲ್ಲಿ ಉಣ್ಣೆ ಕಂಬಳಿ ಹೊದ್ದು, ಬೆಲ್ಟು ಬಿಗಿಸಿಕೊಂಡು ಕೂತಿರುವುದು ಅವರ ಅಪ್ಪನ ಅಕಾರ್ಡಿಯನ್. ಹಿಂದಿನ ಸೀಟಿನಲ್ಲಿ ಬಿದ್ದಿರುವುದು ಅವರದೇ ಹೊಸ ಅಕಾರ್ಡಿಯನ್. ಅದಕ್ಕೆ ಕಂಬಳಿಯೂ ಇಲ್ಲ, ಬೆಲ್ಟೂ ಇಲ್ಲ.

ಒಳಗೆ ಮಾರಿಲೂ ಶಬೋ ಆಗಲೇ ಒಲೆಗೆ ಸೌದೆ ತುಂಬುತ್ತಿದ್ದಾರೆ. ಆಲೆಮನೆ ಅವರದು. ಕೊಪ್ಪರಿಗೆಯಲ್ಲಿ ಮರದ ರಸ ಕುದಿಯತೊಡಗಿದರೆ ಇಡೀ ಮನೆ ಸಿಹಿ ಹಬೆಯಲ್ಲಿ ಮುಳುಗುತ್ತದೆ. ಲಿಜೆತ್ ಒಲೆಯ ಹತ್ತಿರಕ್ಕೂ ಹೋಗುವುದಿಲ್ಲ. ಅಪ್ಪನ ಅಕಾರ್ಡಿಯನ್ ಅವರ ಬಾಯಲ್ಲಿ ಬರಿಯ ಪೆಟ್ಟಿಗೆ; ಅದನ್ನು ಮೊದಲು ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಇಡುತ್ತಾರೆ. ಅಲ್ಲಿನ ಚಳಿ ಹೊರಗಿನದಕ್ಕಿಂತ ಒಂದು ಚೂರು ಕಡಿಮೆ. ಸ್ವಲ್ಪ ಹೊತ್ತಾದ ಮೇಲೆ ಕೋಟು ನೇತುಹಾಕುವ ಕೋಣೆಗೆ ತರುತ್ತಾರೆ. ಆಮೇಲೆ ಊಟದ ಹಜಾರದ ಮೂಲೆ. ಕಂಬಳಿ ತೆಗೆಯುವುದು ಕೊನೆಗೆ. ಹೀಗೆ ಹಂತ ಹಂತವಾಗಿ ಬೆಚ್ಚಗಾಗಿಸುವುದಕ್ಕೆ ಬೆಳಗಿನ ಹೊತ್ತೆಲ್ಲ ಬೇಕು, ಅದಕ್ಕೇ ಅವರು ಬೆಳಕು ಹರಿಯುವ ಮುಂಚೆ ಬರುವುದು.

"ಹಸುಗೂಸಿಗೆ ಸ್ನಾನ ಮಾಡಿಸೋವಾಗ ನೀರು ನೋಡ್ತೀವಲ್ಲ, ಹಾಗೆ," ಎಂದು ಪತ್ರಿಕೆಯವರಿಗೆ ವಿವರಿಸುತ್ತಾರೆ ಲಿಜೆತ್. "ಅವಸರ ಮಾಡಿದ್ರೆ ಏನಾಗುತ್ತೆ ಅಂತ ನಮ್ಮನೇಲಿ ಎಲ್ಲರಿಗೂ ಗೊತ್ತು."

ಬೇರೆ ದಿನಗಳಲ್ಲಾದರೆ ಈ ಕೆಲಸದ ನಡುವೆ ಅವರು ಮಾರಿಲೂ ಜೊತೆ ಹರಟುತ್ತಾರೆ, ಕಾಫಿ ಕುಡಿಯುತ್ತಾರೆ, ಅಡುಗೆಯವಳ ಉಪ್ಪಿನ ಕೈಯನ್ನು ಆಡಿಕೊಳ್ಳುತ್ತಾರೆ. ಇವತ್ತು ಅದಾವುದೂ ಇಲ್ಲ. ಕಣ್ಣು ಮತ್ತೆ ಮತ್ತೆ ಕಿಟಕಿಯ ಕಡೆ, ಊರಿನಿಂದ ಬರುವ ರಸ್ತೆಯ ಕಡೆ ಹೋಗುತ್ತದೆ. ಇವತ್ತು ಊರಿನ ಹಿರಿಯ ಕುಣಿತಗಾರ ದೊನಾ ಬಿಲೊದೋ ಬರಬೇಕು. ಬರುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬಂದರೂ ಕುಣಿಯುತ್ತಾರೋ ಇಲ್ಲವೋ ಎಂಬುದು ದೇವರಿಗೇ ಗೊತ್ತು.

ಲಿಜೆತ್ ಬದುಕಿನ ಬಹುಪಾಲು ಓಡಿಸಿದ್ದು ಶಾಲೆಯ ಹಳದಿ ಬಸ್ಸು. ಇವತ್ತು ಊರಿನಲ್ಲಿ ಮೀಸೆ ಹೊತ್ತು ಓಡಾಡುವ ಎಷ್ಟೋ ಗಂಡಸರು ಅವರ ಬಸ್ಸಿನಲ್ಲಿ ಗದರಿಸಿಕೊಂಡವರೇ. ಈಗಲೂ ಅವರು ಎದುರಿಗೆ ಸಿಕ್ಕರೆ ಆ ಗಂಡಸರು ಟೋಪಿ ಸರಿಮಾಡಿಕೊಳ್ಳುತ್ತಾರೆ. ನಿವೃತ್ತಿಯಾದ ಮೇಲೆ ಅಕಾರ್ಡಿಯನ್ನೇ ಕೆಲಸ. ಬುಧವಾರ ವೃದ್ಧಾಶ್ರಮದಲ್ಲಿ ಒಂದು ಗಂಟೆ, ಅಲ್ಲಿ ಕುರ್ಚಿಯಲ್ಲೇ ಕೂತವರ ಬೆರಳುಗಳು ತಾಳ ಹಾಕುತ್ತವೆ. ಮದುವೆ, ಮಗುವಿನ ನಾಮಕರಣ, ಸತ್ತವರು ಇಷ್ಟಪಟ್ಟಿದ್ದರೆ ಮಣ್ಣಿನ ದಿನವೂ. ಮಾರ್ಚ್ ಬಂತೆಂದರೆ ಶನಿವಾರ, ಭಾನುವಾರ ಆಲೆಮನೆಯಲ್ಲಿ ಎರಡೆರಡು ಸರದಿ ಊಟ. ಬಟಾಣಿ ಸಾರು, ಹಂದಿಮಾಂಸದ ಜೊತೆ ಬೆಂದ ಹುರುಳಿ, ಉಬ್ಬಿಸಿ ಬೇಯಿಸಿದ ಮೊಟ್ಟೆ, ಎಲ್ಲದರ ಮೇಲೂ ಪಾಕ. ತಿಂದು ಸೊಂಟ ಭಾರವಾದವರನ್ನು ಎಬ್ಬಿಸಿ ಕುಣಿಸುವುದು ಲಿಜೆತ್ ಕೆಲಸ. ಕುರ್ಚಿಯ ತುದಿಯಲ್ಲಿ ಕೂತು, ಕೈಯಲ್ಲಿ ರಾಗ ನುಡಿಸುತ್ತಾ ಎರಡೂ ಪಾದಗಳಿಂದ ಹಲಗೆ ಬಡಿಯುತ್ತಾ ಇರುತ್ತಾರೆ. ದಿನ ಮುಗಿಯುವ ಹೊತ್ತಿಗೆ ಸಕ್ಕರೆ ಹಬೆಗೆ ಅಕಾರ್ಡಿಯನ್ನಿನ ಗಾಳಿ ತಿದಿಯ ಮಡಿಕೆಗಳು ಅಂಟಿಕೊಂಡಿರುತ್ತವೆ, ಮನೆಗೆ ಹೋಗಿ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಅವರ ಹೆಸರು ಯಾವ ಫಲಕದ ಮೇಲೂ ಇಲ್ಲ. ಪಟ್ಟಣದಿಂದ ಬಂದವರು ಫೋಟೋ ತೆಗೆಯುವಾಗ "ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬನ್ನಿ, ಒಲೆ ಕಾಣಿಸ್ತಿಲ್ಲ" ಎಂದು ಹೇಳಿದ್ದೂ ಉಂಟು. ಅವರು ಪಕ್ಕಕ್ಕೆ ಸರಿದು ನುಡಿಸುವುದನ್ನು ಮುಂದುವರಿಸಿದರಂತೆ.

ಹೊಸ ಪೆಟ್ಟಿಗೆಯಲ್ಲಿ ಎಲ್ಲ ಕುಣಿತಗಳೂ ಆಗುತ್ತವೆ. ಅಪ್ಪನ ಪೆಟ್ಟಿಗೆ ಹೊರಗೆ ಬರುವುದು ಒಂದೇ ಒಂದು ರಾಗಕ್ಕೆ. ಅದು ಭಾನುವಾರದ ಮೊದಲ ಸರದಿಯ ಜಿಗ್. ಊರಿನವರು ಅದನ್ನು ಕುಂಟ ಜಿಗ್ ಎನ್ನುತ್ತಾರೆ. ಜಿಗ್ ಅಂದರೆ ಒಬ್ಬರೇ ಕುಣಿಯುವ ಕುಣಿತ. ಮೈ ನೆಟ್ಟಗೆ, ಕೈ ಸುಮ್ಮನೆ, ಕೆಲಸವೆಲ್ಲ ಪಾದದ್ದು. ಒಬ್ಬರು ದಣಿದು ಪಕ್ಕಕ್ಕೆ ಸರಿದರೆ ಇನ್ನೊಬ್ಬರು ಒಳಗೆ ಇಳಿಯುತ್ತಾರೆ, ಉಳಿದವರು ಸುತ್ತ ನಿಂತು ನೋಡುತ್ತಾರೆ. ಸೇಂ-ಫ್ಲೋರಿಮೋನ್‌ನ ಜಿಗ್ಗಿಗೆ ಒಂದು ಗುಣವಿದೆ, ಅದು ಬೇರೆ ಯಾವ ಊರಿನದಕ್ಕೂ ಇಲ್ಲ. ಎರಡನೆಯ ಭಾಗದ ಕೊನೆಯಲ್ಲಿ ಒಂದು ಸ್ವರ ಇರಬೇಕಾದ ಕಡೆ ಏನೂ ಇರುವುದಿಲ್ಲ. ಅಲ್ಲೊಂದು ತೂತು. ಆ ತೂತು ಬಂದಾಗ ಕುಣಿಯುವವರೂ ಸುತ್ತ ನಿಂತವರೂ ಹಿಮ್ಮಡಿ ಎತ್ತಿ ಒಟ್ಟಿಗೇ ನೆಲಕ್ಕೆ ಬಡಿಯುತ್ತಾರೆ. ನಡೆಯಲು ಕಲಿತ ಮಕ್ಕಳೂ ಬಡಿಯುತ್ತವೆ. ಕಣಿವೆಯ ಆಚೆ ಊರಿನವರು "ಇವರಿಗೆ ಲೆಕ್ಕ ಬರಲ್ಲ, ಅದಕ್ಕೇ ಒಂದು ಸ್ವರ ನುಂಗ್ತಾರೆ" ಎಂದು ಗೇಲಿ ಮಾಡುವುದು ಇವರಿಗೆ ಬಹುಮಾನ ಸಿಕ್ಕಷ್ಟು ಖುಷಿ.

ಆ ತೂತಿನ ಹುಟ್ಟಿಗೆ ಕಾರಣ ಲಿಜೆತ್ ಅಪ್ಪ ಫಿಲಿಯಾಸ್ ಮೊರಾನ್ಸಿಯ ಅವಸರ. ಲಿಜೆತ್ ಇನ್ನೂ ತೊಟ್ಟಿಲಲ್ಲಿದ್ದಾಗ ಒಂದು ಚಳಿಗಾಲದ ಮದುವೆಗೆ ಅವರು ಪೆಟ್ಟಿಗೆಯನ್ನು ಹೊದಿಕೆಯಿಲ್ಲದೆ ಜಾರುಗಾಡಿಯಲ್ಲಿ ಹಾಕಿಕೊಂಡು ಹೋದರು. ಮದುವಣಿಗ ಕಾಯುತ್ತಿದ್ದ, ಜನ ಕಾಯುತ್ತಿದ್ದರು, ಕುಡಿದವರು ಮೇಜು ಗುದ್ದುತ್ತಿದ್ದರು. ಫಿಲಿಯಾಸ್ ಕಲ್ಲಿನಂತೆ ತಣ್ಣಗಿದ್ದ ಪೆಟ್ಟಿಗೆಯನ್ನು ಒಲೆಯ ಮಗ್ಗುಲಿಗೆ ತಂದು ತೊಡೆಯ ಮೇಲಿಟ್ಟುಕೊಂಡು ಜೋರಾಗಿ ಎಳೆದರು. ಒಳಗೆ ಟಿಣ್ ಎಂದು ಒಂದು ರೀಡು, ಗಾಳಿಗೆ ಕಂಪಿಸಿ ಸ್ವರ ಹುಟ್ಟಿಸುವ ಲೋಹದ ತೆಳ್ಳನೆ ನಾಲಗೆ, ಮುರಿಯಿತು. ಹಳೆಯ ಚಿಕ್ಕ ಪೆಟ್ಟಿಗೆ ಅದು, ಸ್ವರಕ್ಕೆ ಒಂದೇ ರೀಡು. ಒಂದೇ ಗುಂಡಿ ಒತ್ತಿ ತಿದಿ ಎಳೆದರೆ ಒಂದು ಸ್ವರ, ಮುಚ್ಚಿದರೆ ಇನ್ನೊಂದು. ಮುಚ್ಚುವ ಸ್ವರ ಉಳಿಯಿತು, ಎಳೆಯುವ ಸ್ವರ ಹೋಯಿತು. ಆ ಗುಂಡಿ ಒತ್ತಿ ಎಳೆದರೆ ಉಸ್ ಎಂದು ಗಾಳಿ ಮಾತ್ರ ಬರುತ್ತಿತ್ತು. ಮದುವೆ ನಿಲ್ಲುವಂತಿಲ್ಲವಲ್ಲ, ಫಿಲಿಯಾಸ್ ಆ ಜಾಗಕ್ಕೆ ತಮ್ಮ ಹಿಮ್ಮಡಿ ಬಡಿದು ಮುಂದುವರಿಸಿದರು. ಎದುರಿಗೆ ಕುಣಿಯುತ್ತಿದ್ದವರೂ ಬಡಿದರು. ಆಮೇಲೆ ರಿಪೇರಿಯವರು ದೂರ, ಕೊಟ್ಟಿಗೆಯಲ್ಲಿ ಕೆಲಸ, ಮನೆಯಲ್ಲಿ ಮಕ್ಕಳು. ಇವತ್ತು ನಾಳೆ ಎನ್ನುತ್ತಾ ಆ ತೂತೇ ಊರಿನ ಆಸ್ತಿಯಾಯಿತು.

ಅದರಲ್ಲಿ ಹೆಚ್ಚಿನ ಪಾಲು ದೊನಾ ಬಿಲೊದೋ ಅವರದು. ಎಂಬತ್ತೆರಡರ ದೊನಾ ಪ್ರಾಯದಲ್ಲಿ ಮರ ಕೊಯ್ಯುವ ಕಾರ್ಖಾನೆಯಲ್ಲಿ ಗರಗಸದ ಪಕ್ಕ ನಿಂತವರು. ಗರಗಸ ಅವರ ಬೆರಳು ಮುಟ್ಟಲಿಲ್ಲ, ಕಿವಿಯನ್ನು ತೆಗೆದುಕೊಂಡಿತು. ಕಿವಿಗೆ ಹಾಕುವ ಯಂತ್ರ ಮೇಜಿನ ಡ್ರಾಯರಿನಲ್ಲಿದೆ. ಹಾಕಿಕೊಂಡರೆ ಚಮಚದ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ ಎಂಬುದು ಅವರ ದೂರು. ಆದರೂ ಊರಿನಲ್ಲಿ ಕುಂಟ ಜಿಗ್ಗನ್ನು ಮೊದಲು ಕುಣಿಯುವವರು ಅವರೇ. ಅವರು ಇಳಿಯದೆ ಬೇರೆಯವರು ಇಳಿಯುವ ಪದ್ಧತಿ ಇಲ್ಲ. ಅಕಾರ್ಡಿಯನ್ ಅವರಿಗೆ ಅಂಗಾಲಿನ ಕೆಳಗಿನ ಒಂದು ಗುಂಯ್‌ಗುಡುವಿಕೆ ಅಷ್ಟೇ. ಸುತ್ತಲಿನ ಹಿಮ್ಮಡಿಗಳೆಲ್ಲ ಒಟ್ಟಿಗೆ ಬಿದ್ದಾಗ ಮಾತ್ರ ರಾಗದಲ್ಲಿ ತಾವೆಲ್ಲಿದ್ದೇವೆ ಎಂದು ಅವರಿಗೆ ತಿಳಿಯುತ್ತದೆ. ಅಲ್ಲಿಂದ ಹಿಡಿದು ಮತ್ತೆ ಆ ಜಾಗದವರೆಗೆ ಕಾಲಿಗೆ ಬಾಯಿಪಾಠ.

ಈ ಗುಟ್ಟು ಊರಿಗೆಲ್ಲ ಗೊತ್ತಿರಲಿಲ್ಲ. ಲಿಜೆತ್‌ಗೂ ಪೂರ್ತಿ ಗೊತ್ತಿರಲಿಲ್ಲ. ಗೊತ್ತಾದದ್ದು ಈ ವರ್ಷ, ಎಲ್ಲ ಕೆಟ್ಟ ಮೇಲೆ.

ಕ್ರಿಸ್‌ಮಸ್ ಹೊತ್ತಿಗೆ ಅಪ್ಪನ ಪೆಟ್ಟಿಗೆಯ ತಿದಿ ಸೋರತೊಡಗಿತ್ತು. ಮಡಿಕೆಯ ಚರ್ಮ ಹರಿದು, ಎಷ್ಟು ಎಳೆದರೂ ಗಾಳಿ ನಿಲ್ಲುತ್ತಿರಲಿಲ್ಲ. ಕೆಳಗೆ ನದಿಯ ಪಕ್ಕದ ಪಟ್ಟಣದಲ್ಲಿ ರೋಜೇರ್ ಎಂಬ ಒಬ್ಬ ರಿಪೇರಿಯವರಿದ್ದಾರೆ, ಒಳ್ಳೆಯ ಕೈ. ಲಿಜೆತ್ ಅವರಿಗೆ ಕೊಟ್ಟು ಬಂದರು. ತಿದಿ ಸೋರುತ್ತಿದೆ ಎಂದು ಹೇಳಿದರು. ರೀಡಿನ ವಿಷಯ ಹೇಳಲಿಲ್ಲ.

"ಹೇಳಬೇಕು ಅಂತ ತೋಚಲೇ ಇಲ್ಲ," ಎನ್ನುತ್ತಾರೆ. "ಅದು ಮುರಿದಿದೆ ಅಂತ ನಾನು ಯಾವತ್ತೂ ಅಂದ್ಕೊಂಡೇ ಇರಲಿಲ್ಲ. ನಿಮ್ಮ ಅಪ್ಪಂಗೆ ಗಲ್ಲದ ಮೇಲೆ ಒಂದು ಮಚ್ಚೆ ಇದ್ರೆ, ಡಾಕ್ಟ್ರ ಹತ್ರ ಕೆಮ್ಮಿಗೆ ಅಂತ ಹೋದಾಗ ಅದನ್ನ ತೆಗೀಬೇಡಿ ಅಂತ ಹೇಳ್ತೀರಾ?"

ರೋಜೇರ್ ತಿದಿ ಹೊಲಿದರು, ಮೇಣ ಬದಲಿಸಿದರು, ಒಳಗೆ ನೋಡಿದಾಗ ಒಂದು ರೀಡು ಮೊಂಡಾಗಿ ನಿಂತಿರುವುದು ಕಂಡಿತು. ಇಷ್ಟು ಚೆಂದದ ಪೆಟ್ಟಿಗೆಯನ್ನು ಹಲ್ಲು ಬಿದ್ದ ಬಾಯಲ್ಲಿ ಮನೆಗೆ ಕಳಿಸಲು ಅವರ ಮನಸ್ಸು ಒಪ್ಪಲಿಲ್ಲ. ಉಕ್ಕಿನ ಹೊಸ ರೀಡು ಕೂರಿಸಿ, ಉಳಿದವುಗಳ ಜೊತೆ ಶ್ರುತಿ ಸೇರಿಸಿ, ಹೇಳದೆಯೇ ಕೊಟ್ಟರು. ಮುಂದೆ ಎಂದಾದರೂ ಆಕೆ ಕೇಳಿ ಸಂತೋಷಪಡಲಿ ಎಂಬ ಆಸೆ ಅವರದು. ಲಿಜೆತ್ ಅಲ್ಲೇ, ಆ ಗುಂಡಿ ಬೇಡದ ಒಂದು ವಾಲ್ಟ್ಸ್ ಕುಣಿತದ ರಾಗ ನುಡಿಸಿ ತಿದಿ ನೋಡಿದರು, ಚೆನ್ನಾಗಿತ್ತು, ತಂದರು. ಜಿಗ್ ನುಡಿಸಿ ನೋಡಲಿಲ್ಲ. ನೋಡುವಂತಿಲ್ಲ. ಮರದಲ್ಲಿ ರಸ ಇಳಿಯುವ ಮೊದಲು ಕುಂಟ ಜಿಗ್ ನುಡಿಸಿದರೆ ಮರ ಮುನಿಸಿಕೊಳ್ಳುತ್ತದೆ ಎಂದು ಫಿಲಿಯಾಸ್ ಹೇಳುತ್ತಿದ್ದರು. ಲಿಜೆತ್ ಅದನ್ನು ನಂಬುವುದಿಲ್ಲವಂತೆ. ಆದರೆ ಒಮ್ಮೆಯೂ ಮೀರಿಲ್ಲವಂತೆ.

ಹೀಗಾಗಿ ಹೊಸ ಸ್ವರ ಮೊದಲ ಸಲ ಕೇಳಿಸಿದ್ದು ಆಲೆಮನೆ ತೆರೆದ ಮೊದಲ ಭಾನುವಾರ, ಹಜಾರ ತುಂಬಿದ ಜನರ ಮುಂದೆ. ದೊನಾ ಎಂದಿನಂತೆ ಚರ್ಮದ ಅಟ್ಟೆಯ ಶೂ ಹಾಕಿ, ಟೋಪಿ ಮೇಜಿನ ಮೇಲಿಟ್ಟು ನಡುವೆ ಬಂದು ನಿಂತರು. ಮೊದಲ ಭಾಗ ಚೆನ್ನಾಗಿ ಹೋಯಿತು. ಎರಡನೆಯ ಭಾಗದ ತುದಿಯಲ್ಲಿ, ಎಲ್ಲರ ಹಿಮ್ಮಡಿ ಮೇಲೆದ್ದ ಹೊತ್ತಿಗೆ, ಪೆಟ್ಟಿಗೆಯಿಂದ ಸ್ಪಷ್ಟವಾಗಿ ಒಂದು ಸ್ವರ ಬಂತು. ಅರ್ಧ ಜನ ಬಡಿದರು, ಅರ್ಧ ಜನ ಎತ್ತಿದ ಕಾಲನ್ನು ಹಾಗೇ ಹಿಡಿದುಕೊಂಡರು. ಯಾರೋ ನಕ್ಕರು. ಎರಡನೆಯ ಸುತ್ತಿನಲ್ಲಿ ಯಾರೂ ಬಡಿಯಲಿಲ್ಲ, ಎಲ್ಲರೂ ಲಿಜೆತ್ ಮುಖ ನೋಡುತ್ತಿದ್ದರು. ದೊನಾ ಹಿಮ್ಮಡಿಯ ಸದ್ದಿಗೆ ಕಾದರು. ಅದು ಬರಲಿಲ್ಲ. ಅವರ ಕಾಲು ಒಂದು ಹೆಜ್ಜೆ ಹಿಂದೆ ಬಿತ್ತು, ಸರಿಮಾಡಿಕೊಳ್ಳಲು ಹೋಗಿ ಇನ್ನೊಂದು ತಪ್ಪಿತು. ನಡುವೆಯೇ ನಿಂತುಬಿಟ್ಟರು. ಟೋಪಿ ತೆಗೆದುಕೊಂಡು ಹೋಗಿ ಬೆಂಚಿನ ತುದಿಯಲ್ಲಿ ಕೂತರು. ಊಟದ ಕೊನೆಗೆ ಹಿಮದ ಮೇಲೆ ಸುರಿದು ಕೊಡುವ ಅಂಟುಪಾಕವನ್ನೂ ತಿನ್ನದೆ ಮನೆಗೆ ಹೋದರು.

ಗುಂಡಿಯನ್ನು ಒತ್ತದೆ ಬಿಟ್ಟರಾಗದೇ ಎಂದು ಯಾರಿಗಾದರೂ ಅನಿಸುತ್ತದೆ. ಲಿಜೆತ್ ಅದನ್ನೂ ಮಾಡಿ ನೋಡಿದ್ದಾರೆ. ಒತ್ತದಿದ್ದರೆ ಗಾಳಿಗೆ ದಾರಿಯಿಲ್ಲ, ಎಳೆಯುತ್ತಿರುವ ತಿದಿ ಗಕ್ಕನೆ ನಿಂತು ಮುಂದಿನ ಸ್ವರ ತಡವಾಗಿ ಹುಟ್ಟುತ್ತದೆ. ಮುರಿದ ರೀಡಿನ ತೂತಿನಲ್ಲಿ ಗಾಳಿ ಹೋಗುತ್ತಿದ್ದುದರಿಂದಲೇ ಮೊದಲು ರಾಗ ಓಡುತ್ತಿತ್ತು. ಅದೂ ಅಲ್ಲದೆ ಇಷ್ಟು ವರ್ಷ ಅಲ್ಲಿಗೇ ಹೋದ ಬೆರಳು ಹೇಳಿದ ಮಾತು ಕೇಳುವುದಿಲ್ಲ.

ಮುಂದಿನ ಭಾನುವಾರ ದೊನಾ ಬರಲಿಲ್ಲ. ಕುಂಟ ಜಿಗ್ ಹೊಸ ಸ್ವರದೊಂದಿಗೇ ನಡೆಯಿತು. ಪ್ರಾಯದವರು ಹೊಂದಿಕೊಂಡರು, ಚೆನ್ನಾಗಿದೆ ಎಂದೂ ಅಂದರು. ಹಿಮ್ಮಡಿ ಬಡಿಯುವುದು ನಿಂತುಹೋಯಿತು. ಇನ್ನು ನಾಲ್ಕು ವಾರ ಹೀಗೇ ಹೋದರೆ ಯಾರಿಗೂ ನೆನಪೇ ಇರುವುದಿಲ್ಲ ಎಂದು ಲಿಜೆತ್‌ಗೆ ಅನಿಸಿತು. ಮಂಗಳವಾರ ಪಾಕದ ಕಡುಬು ಮಾಡಿಕೊಂಡು ದೊನಾ ಮನೆಗೆ ಹೋದರು.

ಅಡುಗೆಮನೆಯ ಬಾಗಿಲ ಹತ್ತಿರ ಒಂದು ರಟ್ಟಿನ ಪೆಟ್ಟಿಗೆ ಇತ್ತು, ಈಸ್ಟರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುವ ಹಳೆ ಸಾಮಾನಿನ ಮಾರಾಟಕ್ಕೆಂದು. ಒಳಗೆ ಒಂದು ಇಸ್ತ್ರಿಪೆಟ್ಟಿಗೆ, ಎರಡು ಬೋಗುಣಿ, ಮೇಲೆ ಆ ಚರ್ಮದ ಶೂ. ಚೆನ್ನಾಗಿ ಪಾಲಿಶ್ ಮಾಡಿ, ಲೇಸುಗಳನ್ನು ಒಂದಕ್ಕೊಂದು ಗಂಟು ಹಾಕಿ ಇಟ್ಟಿದ್ದರು. ಅದನ್ನು ನೋಡಿ ತಮ್ಮ ಕಾಲೇ ತಣ್ಣಗಾಯಿತು ಎನ್ನುತ್ತಾರೆ ಲಿಜೆತ್. ಎದುರಿಗೆ ಕೂತು, ಜೋರಾಗಿ, ಬಿಡಿಸಿ ಬಿಡಿಸಿ ಹೇಳಿದರು. ತಪ್ಪು ಕಾಲಿನದಲ್ಲ, ಪೆಟ್ಟಿಗೆಯದು, ರೋಜೇರ್ ರೀಡು ಹಾಕಿಬಿಟ್ಟಿದ್ದಾನೆ, ತೂತು ಮುಚ್ಚಿಹೋಗಿದೆ ಎಂದರು.

ದೊನಾ ಪೂರ್ತಿ ಕೇಳಿಸಿಕೊಂಡರು. ಒಂದು ತುಂಡು ಕಡುಬು ತಿಂದರು.

"ಫಿಲಿಯಾಸನ ಮಗಳೇ," ಎಂದರು, "ಕುಣಿಯೋಕೆ ಬಾರದವನು ನೆಲ ಡೊಂಕು ಅಂದನಂತೆ. ಈ ವಯಸ್ಸಲ್ಲಿ ನನ್ನ ಕೈಲಿ ಆ ಮಾತು ಅನ್ನಿಸಬೇಡ. ಕಾಲು ಮುಗೀತು. ಒಂದಿನ ಮುಗೀಲೇಬೇಕಿತ್ತು. ನೀನು ಒಳ್ಳೇವಳು, ಸಮಾಧಾನ ಹೇಳೋಕೆ ಬಂದಿದೀಯ. ಕಡುಬು ಚೆನ್ನಾಗಿದೆ."

ಲಿಜೆತ್‌ಗೆ ಸಿಟ್ಟು ಬಂತು. ಅವರು ಸುಳ್ಳು ಹೇಳುವವರಲ್ಲ ಎಂದು ಬಸ್ಸಿನ ಮಕ್ಕಳಿಗೂ ಗೊತ್ತು. ಆದರೆ ಜಗಳವಾಡಿ ನಂಬಿಸುವ ವಿಷಯ ಇದಲ್ಲ. ಭಾನುವಾರ ಊಟಕ್ಕಾದರೂ ಬಾ, ಕುಣಿ ಅಂತ ಯಾರೂ ಕೇಳುವುದಿಲ್ಲ ಎಂದು ಹೇಳಿ ಎದ್ದರು. ನೋಡೋಣ ಎಂದರು ದೊನಾ. ಅವರ ನೋಡೋಣ ಅಂದರೆ ಇಲ್ಲ ಎಂದೇ ಲೆಕ್ಕ.

ಮನೆಗೆ ಬಂದು ರೋಜೇರ್‌ಗೆ ಫೋನು ಮಾಡಿ ಆ ರೀಡನ್ನು ತೆಗೆದುಬಿಡಲು ಕೇಳಿದರು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನೋವಾಯಿತು. "ಲಿಜೆತ್, ನಾನು ಸರಿಮಾಡೋದು ಕಲಿತೋನು, ಕೆಡಿಸೋದು ಕಲಿತಿಲ್ಲ," ಎಂದರು. ಆಮೇಲೆ ತಾವಾಗಿಯೇ, ರೀಡನ್ನು ಮೇಣದಲ್ಲಿ ಕೂರಿಸಿರುವುದರಿಂದ ಬಿಸಿ ಮಾಡಿದ ತೆಳ್ಳನೆ ಚಾಕುವಿನಲ್ಲಿ ಮುರಿಯದೆ ಎಬ್ಬಿಸಬಹುದು ಎಂದು ವಿವರಿಸಿದರು. ನೀನು ಏನು ಮಾಡುತ್ತೀಯೋ ಅದನ್ನು ನನಗೆ ಮಾತ್ರ ಹೇಳಬೇಡ ಎಂದು ಫೋನಿಟ್ಟರು.

ಶುಕ್ರವಾರ ಮಧ್ಯಾಹ್ನ ಲಿಜೆತ್ ಅಡುಗೆಮನೆಯ ಮೇಜಿನ ಮೇಲೆ ಹಳೆ ಟವೆಲು ಹಾಸಿದರು. ಚಾಕು ಕಾಯಿಸುವ ಮುಂಚೆ ಒಂದು ಸಲ, ಯಾರೂ ಇಲ್ಲದಾಗ, ಜಿಗ್ಗನ್ನು ಪೂರ್ತಿಯಾಗಿ ನುಡಿಸಿದರು. ಆ ಸ್ವರ ಬರುವ ಕಡೆ ಬಂತು. ಅದು ಬಂದಾಗ ಅವರಿಗೆ ಒಂದು ವಿಷಯ ನೆನಪಾಯಿತು.

"ಅಪ್ಪ ಜಿಗ್ ನುಡಿಸೋವಾಗ ಆ ಜಾಗದಲ್ಲಿ ಪ್ರತಿ ಸಲಾನೂ ಬಾಯಿ ತೆರೀತಿದ್ರು. ನಾವು ಮಕ್ಕಳು ಆಕಳಿಕೆ ಅಂದ್ಕೊಂಡು ನಗ್ತಿದ್ವಿ. ಅಪ್ಪಂಗೆ ತನ್ನ ರಾಗವೇ ನಿದ್ದೆ ತರುತ್ತೆ ಅಂತ ಆಡ್ಕೋತಿದ್ವಿ. ಆಕಳಿಕೆ ಅಲ್ಲ ಅದು. ಇಲ್ಲದ ಸ್ವರಾನ ಅವರು ಬಾಯಲ್ಲಿ ಹೇಳ್ಕೊಳ್ತಿದ್ರು. ಹಿಮ್ಮಡಿ ಸದ್ದಲ್ಲಿ ಯಾರಿಗೂ ಕೇಳಿಸ್ತಿರಲಿಲ್ಲ."

ಆ ದಿನ ಅವರು ಅತ್ತರು. ಅಪ್ಪ ಕಳೆದುಕೊಂಡದ್ದು ತೊಡೆಯ ಮೇಲೆ ಇದೆ, ಅದನ್ನು ತಾವೇ ಕೀಳಬೇಕು. ತಮಗಾಗಿ ಇಟ್ಟುಕೊಳ್ಳೋಣವೇ ಎಂದು ತುಂಬಾ ಹೊತ್ತು ಯೋಚಿಸಿದ್ದಾಗಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಇಟ್ಟುಕೊಂಡರೆ ತಪ್ಪೆನ್ನುವವರು ಯಾರೂ ಇರಲಿಲ್ಲ. ಕೊನೆಗೆ ಕಣ್ಣಿಗೆ ಕಟ್ಟಿದ್ದು ರಟ್ಟಿನ ಪೆಟ್ಟಿಗೆಯ ಮೇಲೆ ಗಂಟು ಹಾಕಿದ್ದ ಆ ಲೇಸುಗಳು. ಚಾಕು ಕಾಯಿಸಿದರು. ಮೇಣ ಕರಗಿತು, ರೀಡು ಮುರಿಯದೆ ಎದ್ದು ಬಂತು. ಅದನ್ನು ದಾರದುಂಡೆಗಳ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದರು.

ಇವತ್ತು ಅದಾದ ಮೊದಲ ಭಾನುವಾರ.

ಊಟಕ್ಕೆ ಜನ ಬರತೊಡಗುತ್ತಾರೆ. ಹಜಾರದಲ್ಲಿ ಒದ್ದೆ ಉಣ್ಣೆಯ ವಾಸನೆ, ಸಾರಿನ ವಾಸನೆ. ಲಿಜೆತ್ ಕಂಬಳಿ ಬಿಚ್ಚಿ ಪೆಟ್ಟಿಗೆಯ ಮೈ ಮುಟ್ಟಿ ನೋಡುತ್ತಾರೆ, ಬೆಚ್ಚಗಾಗಿದೆ. ಬಾಗಿಲು ತೆರೆದಾಗಲೆಲ್ಲ ತಲೆ ಎತ್ತುತ್ತಾರೆ. ಎಲ್ಲರೂ ಕೂತು, ಸಾರು ಮುಗಿದು, ಹುರುಳಿಯ ಮಡಕೆ ಮೇಜಿಗೆ ಬರುವ ಹೊತ್ತಿಗೆ ದೊನಾ ಒಳಗೆ ಬರುತ್ತಾರೆ. ಕಾಲಲ್ಲಿ ದಪ್ಪ ರಬ್ಬರಿನ ಹಿಮದ ಬೂಟು. ಕುಣಿಯುವ ಯೋಚನೆ ಇಲ್ಲ ಎಂದು ಬೂಟೇ ಹೇಳುತ್ತಿದೆ. ಯಾರ ಮುಖವನ್ನೂ ನೋಡದೆ ಹೋಗಿ, ಕುಣಿಯುವ ಜಾಗಕ್ಕೆ ಬೆನ್ನು ಹಾಕಿ ಬೆಂಚಿನ ಮೇಲೆ ಕೂರುತ್ತಾರೆ. ಮಾರಿಲೂ ತಟ್ಟೆ ತುಂಬ ಬಡಿಸುತ್ತಾರೆ.

ತಟ್ಟೆಗಳು ಖಾಲಿಯಾಗುವ ಹೊತ್ತಿಗೆ ಲಿಜೆತ್ ಕುರ್ಚಿಯ ತುದಿಗೆ ಸರಿದು ಕುಂಟ ಜಿಗ್ ಹಿಡಿಯುತ್ತಾರೆ. ಮೊದಲು ಯಾರು ಇಳಿಯಬೇಕು ಎಂದು ಯಾರಿಗೂ ತಿಳಿಯದೆ ನಡುವಿನ ಹಲಗೆ ಖಾಲಿ ಉಳಿಯುತ್ತದೆ. ಮೊದಲ ಭಾಗ ಮುಗಿಯುತ್ತದೆ, ಎರಡನೆಯದು ತುದಿಗೆ ಬರುತ್ತದೆ. ಬೆರಳು ತಾನಾಗಿ ಹಳೆಯ ಗುಂಡಿಗೆ ಹೋಗುತ್ತದೆ, ಪೆಟ್ಟಿಗೆಯಿಂದ ಉಸ್ ಎಂದು ಗಾಳಿ ಮಾತ್ರ ಹೊರಡುತ್ತದೆ. ಸುತ್ತ ಇದ್ದ ಹಿರಿಯರ ಹಿಮ್ಮಡಿಗಳು ಯಾರನ್ನೂ ಕೇಳದೆ ಬೀಳುತ್ತವೆ. ಎರಡನೆಯ ಸುತ್ತಿನಲ್ಲಿ ಎಲ್ಲರದೂ ಬೀಳುತ್ತವೆ. ಮೇಜಿನ ಮೇಲಿನ ಲೋಟಗಳು ಅಲುಗುತ್ತವೆ, ಬೆಂಚು ಅದುರುತ್ತದೆ.

ದೊನಾ ಚಮಚ ಕೆಳಗಿಡುತ್ತಾರೆ. ತಿರುಗಿ ನೋಡುವುದಿಲ್ಲ. ಒಂದು ಅಂಗೈಯನ್ನು ಬೆಂಚಿನ ಮೇಲೆ ಊರಿ ಇನ್ನೊಂದು ಸುತ್ತು ಕಾಯುತ್ತಾರೆ. ಮತ್ತೆ ಬೀಳುತ್ತದೆ. ಆಗ ಅವರು ಬಗ್ಗಿ ಬೂಟು ಬಿಚ್ಚತೊಡಗುತ್ತಾರೆ. ಒಂದು ಬೂಟು ಬರುವುದಿಲ್ಲ, ಪಕ್ಕದಲ್ಲಿ ಕೂತ ಹೆಂಗಸು ಎಳೆದು ಕೊಡುತ್ತಾಳೆ. ಬೂದು ಉಣ್ಣೆಯ ಕಾಲುಚೀಲದಲ್ಲೇ ನಡುವೆ ಬಂದು ನಿಲ್ಲುತ್ತಾರೆ. ಒಂದು ಚೀಲದ ಹೆಬ್ಬೆರಳಿನಲ್ಲಿ ತೂತಿದೆ. ಲಿಜೆತ್ ಪಾದಗಳು ಇನ್ನಷ್ಟು ಜೋರಾಗಿ ಹಲಗೆ ಬಡಿಯುತ್ತವೆ.

ಚೀಲದ ಕಾಲಿಗೆ ಸದ್ದಿಲ್ಲ. ಎಂಬತ್ತೆರಡು ವರ್ಷದ ಪಾದಗಳು ಮೂಕವಾಗಿ ಎಡ, ಬಲ, ಹಿಂದೆ, ಮುಂದೆ ಓಡುತ್ತವೆ, ಮೈ ಕಂಬದಂತೆ ನೆಟ್ಟಗಿದೆ. ರಾಗದ ತೂತು ಬಂದಾಗ ಅವರು ಹಿಮ್ಮಡಿ ಇಳಿಸುತ್ತಾರೆ, ಸದ್ದನ್ನು ಇಡೀ ಹಜಾರ ಕೊಡುತ್ತದೆ. ಅಡುಗೆಯವಳು ಸೌಟು ಹಿಡಿದು ಬಾಗಿಲಿಗೆ ಬಂದಿದ್ದಾಳೆ, ಅವಳೂ ಬಡಿಯುತ್ತಾಳೆ. ದೊನಾ ಒಂದು ಹೆಜ್ಜೆಯನ್ನೂ ತಪ್ಪುವುದಿಲ್ಲ.

ಮುಗಿದ ಮೇಲೆ ಏದುಸಿರು ಬಿಡುತ್ತಾ ಬಂದು ಲಿಜೆತ್ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾರೆ. ಪೆಟ್ಟಿಗೆಯನ್ನು ನೋಡುತ್ತಾರೆ. ಸಮಾಧಾನಕ್ಕೆ ಹೇಳುತ್ತಿದ್ದೀಯ ಅಂದುಕೊಂಡಿದ್ದೆ ಎಂದು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾರೆ.

"ಅಪ್ಪನ ಪೆಟ್ಟಿಗೆ ಕೆಡಿಸಿಬಿಟ್ಟೆಯಲ್ಲೇ ಹುಡುಗೀ, ನನ್ನ ಕಾಲಿಗೋಸ್ಕರ," ಎನ್ನುತ್ತಾರೆ, ತಮಗೆ ಕೇಳಿಸುವಷ್ಟು ಜೋರಾಗಿ, ಅಂದರೆ ಇಡೀ ಹಜಾರಕ್ಕೆ ಕೇಳಿಸುವಷ್ಟು.

"ಅಪ್ಪ ಕೆಡಿಸಿದ್ದು ಅದು. ನಾನು ಇದ್ದ ಹಾಗೆ ಇಟ್ಟೆ," ಎನ್ನುತ್ತಾರೆ ಲಿಜೆತ್. "ಶೂ ಎಲ್ಲಿ?"

ಶೂ ನಿನ್ನೆಯೇ ಚರ್ಚಿನ ನೆಲಮಾಳಿಗೆಗೆ ಹೋಗಿದೆ. ನಾಳೆ ಹೋಗಿ ಪಾದ್ರಿಗಳ ಜೊತೆ ಜಗಳವಾಡಿ ವಾಪಸು ತರಬೇಕು ಎನ್ನುತ್ತಾರೆ ದೊನಾ. ಇಸ್ತ್ರಿಪೆಟ್ಟಿಗೆಯನ್ನು ಬೇಕಾದರೆ ಅವರೇ ಇಟ್ಟುಕೊಳ್ಳಲಿ.

ಎರಡನೆಯ ಸರದಿಯ ಬಸ್ಸುಗಳು ಅಂಗಳಕ್ಕೆ ಬರುತ್ತಿವೆ. ಲಿಜೆತ್ ಅಪ್ಪನ ಪೆಟ್ಟಿಗೆಗೆ ಕಂಬಳಿ ಸುತ್ತಿ ಮೂಲೆಯಲ್ಲಿಟ್ಟು ಹೊಸದನ್ನು ತೊಡೆಗೆ ಎಳೆದುಕೊಳ್ಳುತ್ತಾರೆ. ಆ ಮೂಲೆಯ ಕಡೆ ತಿರುಗಿ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಒಂದು ಸ್ವರವನ್ನು ಬಾಯಲ್ಲೇ ಮೆಲ್ಲಗೆ ಹೇಳಿಕೊಳ್ಳುತ್ತಾರೆ. ಯಾವ ಸ್ವರ ಎಂದು ಕೇಳುವ ಅಗತ್ಯವಿಲ್ಲ.

ಪತ್ರಿಕೆಗೆ ಏನಾದರೂ ಹೇಳಬೇಕೇ, ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಮೊದಲು ಇಲ್ಲ ಎನ್ನುತ್ತಾರೆ. ಎರಡು ಗುಂಡಿ ಒತ್ತಿ ನೋಡಿ, ತಿದಿಯ ಪಟ್ಟಿ ಬಿಚ್ಚಿ, ಆಮೇಲೆ ಹೇಳುತ್ತಾರೆ:

"ಬರೆಯೋದಾದ್ರೆ ಇಷ್ಟು ಬರೀರಿ. ನಾನು ಹೋದ ಮೇಲೆ ಆ ಪೆಟ್ಟಿಗೆ ಯಾರ ಕೈಗೆ ಬೇಕಾದ್ರೂ ಹೋಗಲಿ. ಒಳ್ಳೆ ಮನಸ್ಸಿನೋರು ಯಾರೂ ದಯವಿಟ್ಟು ಅದನ್ನ ಸರಿಮಾಡಬೇಡಿ."